ಬ್ಯಾಡ ಅನ್ನದ ಹಿರಿಯರು

ಮೈಸೂರು
೭ ಜುಲೈ ೨೦೨೫

ಪೂಜ್ಯ ಗುರುಗಳಾದ ನಾಗಲಿಂಗ ಸರ್ ಅವರಿಗೆ,
ಶೈಲಶ್ರೀಯ ನಮಸ್ಕಾರಗಳು.

ಹುನಗುಂದದ ಕಾಲೇಜಿನ ಮೊದಲ ಬೆಂಚಿನಲ್ಲಿ ಕುಳಿತು ನಿಮ್ಮ ಇತಿಹಾಸದ ಪಾಠ ಕೇಳಿದವಳು ಇಂದು ನಿಮಗೆ ಕೋಚ್ ಆಗಿ ಬರೆಯುತ್ತಿದ್ದೇನೆ. ವಿಶ್ವವಿದ್ಯಾಲಯವು ತನ್ನ ವ್ಯಾಪ್ತಿಯ ಕಾಲೇಜುಗಳ ಪ್ರಾಚಾರ್ಯರಿಗೆ ನಾಯಕತ್ವದ ತರಬೇತಿ ಕೊಡುವ ಹೊಣೆಯನ್ನು ನಮ್ಮ ಸಂಸ್ಥೆಗೆ ವಹಿಸಿದೆ. ಹೆಸರುಗಳಲ್ಲಿ ನಿಮ್ಮದು ಕಂಡೊಡನೆ, ಬೇರೆ ಯಾರೂ ಎತ್ತಿಕೊಳ್ಳುವ ಮೊದಲೇ, ನಾನೇ ಕೇಳಿ ಪಡೆದೆ.

ನಮ್ಮ ಪದ್ಧತಿ ಸರಳವಾದದ್ದು. ಕೋಚ್ ಮತ್ತು ಪ್ರಾಚಾರ್ಯರ ನಡುವೆ ಕೈಬರಹದ ಪತ್ರಗಳು ನಡೆಯಬೇಕು. ಬರೆಯುವವರು ಮಾತನಾಡುವವರಿಗಿಂತ ಹೆಚ್ಚು ಯೋಚಿಸುತ್ತಾರೆ ಎಂಬುದು ಸಂಸ್ಥೆಯ ನಂಬಿಕೆ. ಅದಕ್ಕಿಂತ ಮುಖ್ಯವಾದ ನಿಯಮ ಇನ್ನೊಂದಿದೆ. ನಾಯಕನಾದವನು ಉತ್ತರ ಕೊಡಬಾರದು, ಪ್ರಶ್ನೆಯನ್ನಷ್ಟೇ ಕೇಳಬೇಕು. ಉತ್ತರ ಕೇಳಿದವರ ಒಳಗೇ ಇರುತ್ತದೆ. ಕ್ಷಮಿಸಿ, ಸರ್, ನಿಮ್ಮ ಬಾಗಿಲು ಸದಾ ತೆರೆದಿರುತ್ತಿತ್ತು, ಎಲ್ಲರ ಉತ್ತರವೂ ನಿಮ್ಮ ಮೇಜಿನ ಮೇಲಿರುತ್ತಿತ್ತು. ಆದ್ದರಿಂದಲೇ ಆ ಕಾಲೇಜಿನಲ್ಲಿ ಯಾರೂ ತಾವಾಗಿ ಬೆಳೆಯಲಿಲ್ಲ ಎಂದು ನನಗೀಗ ಅನ್ನಿಸುತ್ತದೆ. ಇನ್ನು ಮುಂದೆ ಯಾರು ಏನೇ ಕೇಳಿಕೊಂಡು ಬಂದರೂ ಅವರ ಮಾತನ್ನು ಅವರಿಗೇ ಪ್ರಶ್ನೆಯಾಗಿ ಹಿಂದಿರುಗಿಸಿ.

ಡಿಸೆಂಬರಿನಲ್ಲಿ ಬಾಗಲಕೋಟೆಯಲ್ಲಿ ಸಮಾರೋಪವಿದೆ. ಪ್ರತಿಯೊಬ್ಬ ಕೋಚ್ ತನ್ನ ಪ್ರಾಚಾರ್ಯರಲ್ಲಿ ಆದ ಬದಲಾವಣೆಗೆ ಒಂದು ನಿದರ್ಶನವನ್ನು ಅಲ್ಲಿ ಮಂಡಿಸಬೇಕು. ನನ್ನ ಕೆಲಸ ಕಾಯಂ ಆಗುವುದು ಅದರ ಮೇಲೆಯೇ. ನಾನು ಯಾರ ಕೃಪೆಯಿಂದಲೂ ಅಂಕ ಪಡೆದವಳಲ್ಲ ಎಂಬುದು ನಿಮಗೆ ಗೊತ್ತು. ಈಗಲೂ ಕೃಪೆ ಕೇಳುತ್ತಿಲ್ಲ. ನಿಷ್ಠೆಯಿಂದ ಪ್ರಯತ್ನಿಸಿ ಎಂದಷ್ಟೇ ಕೇಳುತ್ತಿದ್ದೇನೆ.

ನಮ್ಮ ಇಳಕಲ್ಲಿನ ಅನೀಸ ಈಗ ನಿಮ್ಮಲ್ಲಿ ಅರ್ಥಶಾಸ್ತ್ರಕ್ಕೆ ಅತಿಥಿ ಉಪನ್ಯಾಸಕಿಯಂತೆ. ನನಗಿಂತ ಎರಡು ವರ್ಷ ಕಿರಿಯಳು. ಒಂದೇ ಬಸ್ಸಿನಲ್ಲಿ ಹುನಗುಂದಕ್ಕೆ ಬರುತ್ತಿದ್ದೆವು. ನಾನು ನೆನೆಸಿಕೊಂಡೆನೆಂದು ಹೇಳಿ.

ನಿಮ್ಮ ವಿದ್ಯಾರ್ಥಿನಿ,
ಶೈಲಶ್ರೀ


ಹುನಗುಂದ
೧೯ ಜುಲೈ ೨೦೨೫

ಚಿ. ಶೈಲಶ್ರೀಗೆ ನಾಗಲಿಂಗನ ಶರಣು.

ನಿನ್ನ ಪತ್ರವನ್ನು ಮನೆಯಲ್ಲಿ ಗಟ್ಟಿಯಾಗಿ ಓದಿದೆ. ನಮ್ಮ ಮನೆಯವರು ಸಂಗವ್ವ, 'ಆ ಹುಡುಗಿ ನಿಮಗ ಸರಿಯಾಗಿ ಹೇಳ್ಯಾಳ ನೋಡ್ರಿ' ಎಂದು ನಕ್ಕರು. ಮುವ್ವತ್ತು ವರ್ಷ ಉತ್ತರ ಹೇಳಿಯೇ ಹೊಟ್ಟೆ ಹೊರೆದವನು ನಾನು. ಈಗ ಶಿಷ್ಯೆ ಬೇಡವೆಂದಳು, ಬಿಟ್ಟೆ.

ಶುರುವಿನಲ್ಲೇ ಒಂದು ಫಜೀತಿಯಾಯಿತು. ಮಧ್ಯಾಹ್ನ ಮೋಡ ಕವಿದಿತ್ತು. ನಮ್ಮ ಸಿಪಾಯಿ ಲಾಡಸಾಬ, ನಿನಗೆ ನೆನಪಿರಬೇಕು, ಬಾಗಿಲಲ್ಲಿ ನಿಂತು ಕೇಳಿದ:

'ಸರ್, ಮಳಿ ದೊಡ್ಡದ ಬರೂಹಂಗ ಐತ್ರಿ. ಹಳ್ಳಿ ಹುಡುಗೂರು ಹೆಂಗ್ ಹೋಗ್ತಾವು? ಗಂಟಿ ಹೊಡೀಲೇನ್ರಿ?'

'ನಿನಗೇನ್ ಅನ್ನಸ್ತೈತಿ ಲಾಡಸಾಬ?' ಎಂದೆ.

ಅವನು ಹಿಂದೆ ತಿರುಗಿ ನೋಡಿದ, ಬೇರೆ ಯಾರಾದರೂ ಲಾಡಸಾಬರು ಬಂದಿರುವರೇ ಎಂಬಂತೆ. ಆಮೇಲೆ ಟೋಪಿ ಸರಿಮಾಡಿಕೊಂಡು, 'ಸರ್, ನನ್ನಿಂದೇನರ ತಪ್ಪಾಗೇತೇನ್ರಿ?' ಎಂದ. ತಪ್ಪೇನಿಲ್ಲ, ನೀನೇ ಯೋಚಿಸು ಎಂದೆ. ಯೋಚಿಸಿ ಗಂಟೆ ಹೊಡೆದ. ಹುಡುಗರು ಹೋದರು. ಮಳೆ ಬರಲಿಲ್ಲ.

ಮರುದಿನ ಸ್ಟಾಫ್ ರೂಮಿನಲ್ಲಿ ಭೌತಶಾಸ್ತ್ರದ ಹುಚ್ಚೇಶ ಎಲ್ಲರಿಗೂ ಕೇಳುವಂತೆ, 'ಇನ್ ಮ್ಯಾಲ ರಜಾ ಬೇಕಾದ್ರ ಲಾಡಸಾಬನ್ನ ಕೇಳ್ರೆಪಾ, ಅಂವಾ ಈಗ ಪ್ರಿನ್ಸಿಪಾಲ' ಎಂದನಂತೆ. ಅವನಿಗೇ ರಜೆ ಬೇಕಾಗಿ ಬಂದಾಗ ನಾನು, 'ಈ ರಜಾದಿಂದ ನಿಮಗೇನ್ ಸಿಗತೈತಿ ಅಂತ ತಿಳಕೊಂಡೀರಿ?' ಎಂದು ಕೇಳಿದೆ. 'ನಿದ್ದಿ ಸಿಗತೈತ್ರಿ ಸರ್' ಎಂದ. ಸಹಿ ಮಾಡಿ ಕೊಟ್ಟೆ.

ನಮ್ಮ ಕಡೆ ಹಿರಿಯರು ಪ್ರಶ್ನೆಗೆ ಪ್ರಶ್ನೆ ಹಾಕಿದರೆ ಅದು ಒಂದೋ ಚೇಷ್ಟೆ, ಇಲ್ಲವೋ ಸಿಟ್ಟು ಎಂದು ತಿಳಿಯುತ್ತಾರೆ ಯವ್ವಾ. ಆದರೂ ಪ್ರಯತ್ನ ಬಿಡುವುದಿಲ್ಲ.

ಅನೀಸಗೆ ಹೇಳಿದೆ. 'ಶೈಲಕ್ಕ ನನ್ನ ನೆನಪ ಇಟ್ಟಾರೇನ್ರಿ?' ಎಂದು ಭಾಳ ಖುಷಿಪಟ್ಟಳು. ಚಲೋ ಪಾಠ ಮಾಡುತ್ತಾಳೆ. ಮುಂದೆ ಇಲ್ಲಿಯೇ ಕಾಯಂ ಆಗುವ ಆಸೆ ಅವಳಿಗಿದೆ.

ನಿನ್ನ,
ನಾಗಲಿಂಗ


ಮೈಸೂರು
೨೮ ಜುಲೈ ೨೦೨೫

ಪೂಜ್ಯ ಗುರುಗಳಿಗೆ ನಮಸ್ಕಾರಗಳು.

ನಿಮ್ಮ ಪತ್ರ ಓದಿ ನಕ್ಕೆನೆಂಬುದು ನಿಜ. ಆದರೆ ನಗಿಸುವುದು ಕೂಡ ಬದಲಾವಣೆಯಿಂದ ತಪ್ಪಿಸಿಕೊಳ್ಳುವ ಒಂದು ದಾರಿ ಎಂದು ನಮಗೆ ಕಲಿಸಿದ್ದಾರೆ. ಲಾಡಸಾಬನ ಗಂಟೆ ಸಣ್ಣ ಮಾತು. ದೊಡ್ಡ ಮಾತು ಬಂದಾಗ ನೀವು ಹೇಗೆ ನಿಲ್ಲುತ್ತೀರಿ ಎಂಬುದನ್ನು ತಿಳಿಯಲು ನಾನು ಕಾದಿದ್ದೇನೆ.

'ನಮ್ಮ ಕಡೆ ಹೀಗೆ' ಎಂಬ ಮಾತನ್ನು ದಯವಿಟ್ಟು ಬಿಡಿ. ಎಲ್ಲ ಊರಿನವರೂ ಹಾಗೆಯೇ ಹೇಳುತ್ತಾರೆ. ನಾನು ಇಳಕಲ್ಲಿನವಳೇ, ಆ ಕಡೆಯನ್ನು ಮೀರಿ ಬರಲು ಸಾಧ್ಯ ಎಂಬುದಕ್ಕೆ ನಾನೇ ಸಾಕ್ಷಿ.

ಬದುಕನ್ನೇ ಮುಟ್ಟುವಂಥ ಒಂದು ಪ್ರಶ್ನೆಯನ್ನು ಯಾರಾದರೂ ನಿಮ್ಮ ಮುಂದಿಟ್ಟಾಗ, ಉತ್ತರ ನಾಲಿಗೆಯ ತುದಿಗೆ ಬಂದರೂ ತಡೆಹಿಡಿಯಿರಿ. ಏನಾಯಿತೆಂದು ಬರೆಯಿರಿ.

ಶೈಲಶ್ರೀ


ಹುನಗುಂದ
೧೬ ಆಗಸ್ಟ್ ೨೦೨೫

ಚಿ. ಶೈಲಶ್ರೀಗೆ ಶರಣು.

ನೀನು ಕೇಳಿದಂಥ ಪ್ರಸಂಗ ಬಂದಿತು. ಬರೆಯುತ್ತೇನೆ.

ಅನೀಸಗೆ ಬಾದಾಮಿಯ ಒಂದು ಕಾಲೇಜಿನಿಂದ ಕರೆ ಬಂದಿದೆ. ಕಾಯಂ ಹುದ್ದೆ. ತಿಂಗಳ ಕೊನೆಯೊಳಗೆ ಹೋಗಿ ಸೇರಬೇಕು. ನಿನ್ನೆ ಧ್ವಜ ಇಳಿಸಿದ ಮೇಲೆ ನನ್ನ ಕೋಣೆಗೆ ಬಂದಳು.

'ಸರ್, ಒಂದು ಮಾತು ಕೇಳೂದೈತ್ರಿ. ಬಾದಾಮಿಗೆ ಹೋಗ್ಲೇನ್ರಿ, ಇಲ್ಲೇ ಇರ್ಲೇನ್ರಿ? ನೀವು ಹೆಂಗಂತೀರಿ ಹಂಗ.'

'ನಿನ್ನ ಮನಸ್ಸು ಏನ್ ಹೇಳತೈತಿ?'

'ಇಲ್ಲೇ ಇರು ಅಂತೈತ್ರಿ. ಅಬ್ಬಾ ಒಬ್ರ ಅದಾರ. ಹುಡುಗೂರೂ ಹಚಗೊಂಡಾವು. ಮುಂದ ಇಲ್ಲೇ ಕಾಯಂ ಆದ್ರ ಭೇಷ್ ಆಗತೈತ್ರಿ.'

'ಹಂಗಾದ್ರ ನೀ ಏನ್ ಮಾಡ್ತಿ?'

'ಇರ್ತೇನ್ರಿ ಸರ್.'

ನಾನು ಏನೂ ಅನ್ನಲಿಲ್ಲ. ಆಕೆ ಎದ್ದು ನಮಸ್ಕಾರ ಮಾಡಿ ಹೋದಳು. ಬಾದಾಮಿಯವರಿಗೆ ಆಗುವುದಿಲ್ಲವೆಂದು ತಿಳಿಸಿದಳಂತೆ.

ಪ್ರತಿ ವರ್ಷದಂತೆ ಇತಿಹಾಸದ ಹುಡುಗರನ್ನು ಐಹೊಳೆಯ ಗುಡಿಗಳಿಗೆ ಕರೆದುಕೊಂಡು ಹೋಗುವುದು ಈ ಸಲ ನನ್ನಿಂದ ಆಗಲಿಲ್ಲ. ಮನಸ್ಸು ಸರಿಯಿರಲಿಲ್ಲ.

ನಾಗಲಿಂಗ


ಮೈಸೂರು
೨೫ ಆಗಸ್ಟ್ ೨೦೨೫

ಪ್ರೀತಿಯ ಸರ್,

ನಿಮ್ಮ ಪತ್ರವನ್ನು ಮೂರು ಬಾರಿ ಓದಿದೆ. ಎಷ್ಟು ಮಿತವಾಗಿ ಬರೆದಿದ್ದೀರಿ, ಎಷ್ಟು ದೊಡ್ಡ ಕೆಲಸ ಮಾಡಿದ್ದೀರಿ. 'ನೀವು ಹೆಂಗಂತೀರಿ ಹಂಗ' ಎಂದು ಬಂದ ಹೆಣ್ಣುಮಗಳು 'ಇರ್ತೇನ್ರಿ' ಎಂದು ಎದ್ದು ಹೋದಳು. ಅವಳ ಜೀವನದಲ್ಲಿ ಬಹುಶಃ ಮೊದಲ ಬಾರಿಗೆ ಅವಳ ನಿರ್ಧಾರ ಅವಳದೇ ಆಗಿತ್ತು. ನೀವು ಅದಕ್ಕೆ ಅಡ್ಡ ಬರಲಿಲ್ಲ. ಇದಕ್ಕಿಂತ ಒಳ್ಳೆಯ ನಿದರ್ಶನ ನನಗೆ ಎಲ್ಲಿ ಸಿಗಬೇಕು?

ಕಳೆದ ಶನಿವಾರ ಸಂಸ್ಥೆಯ ಹಿರಿಯರ ಮುಂದೆ ಇದನ್ನು ಮಂಡಿಸಿದೆ. ಅನೀಸಳ ಹೆಸರನ್ನು ಹಾಗೆಯೇ ಇಟ್ಟೆ. ಹೆಸರಿದ್ದರೆ ಕಥೆಗೆ ಜೀವ ಬರುತ್ತದೆ. ನೀವು ಬರೆದ ಸಂಭಾಷಣೆಯನ್ನು ನಮ್ಮ ಕಡೆಯ ಮಾತಿನಲ್ಲೇ ಹೇಳಿದೆ. ಕೊನೆಯಲ್ಲಿ ನೀವು ಮೌನವಾಗಿ ಉಳಿದದ್ದನ್ನು ಹೇಳಿದಾಗ ಕೋಣೆಯಲ್ಲಿದ್ದವರೆಲ್ಲ ಬರೆದುಕೊಂಡರು. ಇದನ್ನು ಮುಂದಿನ ವರ್ಷದ ಪಾಠದಲ್ಲಿ ಸೇರಿಸುವ ಮಾತೂ ನಡೆದಿದೆ.

ಬಾಗಲಕೋಟೆಯ ಸಮಾರೋಪಕ್ಕೆ ನೀವು ಬರಲೇಬೇಕು. ಅನೀಸಳನ್ನೂ ಕರೆತನ್ನಿ. ವೇದಿಕೆಯ ಮೇಲೆ ಅವಳೇ ಎರಡು ಮಾತು ಆಡಿದರೆ ಚೆನ್ನ.

ಐಹೊಳೆಗೆ ಮುಂದಿನ ವರ್ಷ ಹೋದರಾಯಿತು. ಪ್ರಾಚಾರ್ಯರಾದವರು ಎಲ್ಲವನ್ನೂ ತಾವೇ ಮಾಡಬಾರದು.

ಹೆಮ್ಮೆಯಿಂದ,
ಶೈಲಶ್ರೀ


ಮೈಸೂರು
೬ ಅಕ್ಟೋಬರ್ ೨೦೨೫

ಸರ್,

ಸೆಪ್ಟೆಂಬರ್ ಪೂರ್ತಿ ನಿಮ್ಮಿಂದ ಪತ್ರವಿಲ್ಲ. ಆರಂಭದ ಉತ್ಸಾಹ ಇಳಿದ ಮೇಲೆ ಪ್ರಾಚಾರ್ಯರು ಹೀಗೆ ಮೌನಕ್ಕೆ ಸರಿಯುವುದು ಸಾಮಾನ್ಯವೆಂದು ನಮ್ಮಲ್ಲಿ ಹೇಳುತ್ತಾರೆ. ನೀವು ಸಾಮಾನ್ಯರಲ್ಲ ಎಂದು ನಾನು ಎಲ್ಲರಿಗೂ ಹೇಳಿದ್ದೇನೆ. ನನ್ನ ಮಾತು ಉಳಿಸಿ. ಅನೀಸ ಬರುವುದನ್ನು ಖಚಿತಪಡಿಸಿದರೆ ಆಮಂತ್ರಣದಲ್ಲಿ ಅವಳ ಹೆಸರು ಹಾಕಿಸುತ್ತೇನೆ.

ಶೈಲಶ್ರೀ


ಹುನಗುಂದ
೨ ನವೆಂಬರ್ ೨೦೨೫

ಶೈಲಾ,

ಅನೀಸ ಬರುವುದಿಲ್ಲ. ಆಕೆಯ ಕೆಲಸ ಹೋಯಿತು.

ಸೆಮಿಸ್ಟರ್ ಮುಗಿದ ಮೇಲೆ ಅರ್ಥಶಾಸ್ತ್ರದ ತರಗತಿಗಳನ್ನು ತಮ್ಮದೇ ಇನ್ನೊಂದು ಕಾಲೇಜಿಗೆ ಸೇರಿಸುವುದಾಗಿ ನಮ್ಮ ಆಡಳಿತ ಮಂಡಳಿಯವರು ಕಳೆದ ವಾರ ಪತ್ರ ಕೊಟ್ಟರು. ಬಾದಾಮಿಯ ಜಾಗಕ್ಕೆ ಸೆಪ್ಟೆಂಬರಿನಲ್ಲೇ ಬೇರೆಯವರು ಬಂದಿದ್ದಾರೆ. ವಿಚಾರಿಸಿದೆ.

ಇಷ್ಟೇ ಆಗಿದ್ದರೆ ದುರದೈವವೆಂದು ಬರೆದು ಮುಗಿಸಬಹುದಿತ್ತು. ಮಂಡಳಿಯವರು ಈ ಮಾತನ್ನು ನನಗೆ ಜುಲೈ ಮೊದಲಲ್ಲೇ ಹೇಳಿದ್ದರು, ನಿನ್ನ ಮೊದಲ ಪತ್ರ ಬರುವುದಕ್ಕೂ ಮುಂಚೆ. 'ಈಗ ಹೇಳಬ್ಯಾಡ್ರಿ. ಆಕಿ ನಡುವ ಬಿಟ್ಟು ಹೋದ್ರ ಪಾಠ ಯಾರ್ ಮಾಡ್ತಾರ?' ಎಂದಿದ್ದರು. ನಾನು ಹೂಂ ಅಂದಿದ್ದೆ.

ಆಗಸ್ಟ್ ಹದಿನೈದರಂದು ಆಕೆ ನನ್ನೆದುರು ಕುಳಿತು ಬಾದಾಮಿಗೆ ಹೋಗಲೇ ಎಂದಾಗ, ಹೋಗು ಎಂಬ ಒಂದು ಮಾತು ಸಾಕಾಗಿತ್ತು. ಹೋಗು ಎಂದರೆ ಯಾಕೆ ಎನ್ನುತ್ತಿದ್ದಳು. ಯಾಕೆ ಎಂದು ಹೇಳಿದರೆ ಮಂಡಳಿಯವರ ಸಿಟ್ಟು ಎದುರಿಸಬೇಕಿತ್ತು. ಆ ಹೊತ್ತಿಗೆ ನಿನ್ನ ನಿಯಮ ನೆನಪಾಯಿತು. ಸುಳ್ಳು ಹೇಳಬೇಕಾಗಿಲ್ಲ, ಖರೆ ಹೇಳಬೇಕಾಗಿಲ್ಲ, ಪ್ರಶ್ನೆ ಕೇಳಿದರೆ ಸಾಕು. ನಿನ್ನ ನಿಯಮ ನನಗೆ ಭಾಳ ಅನುಕೂಲವಾಯಿತು. ನಿನ್ನನ್ನು ದೂರಲು ಇದನ್ನು ಬರೆಯುತ್ತಿಲ್ಲ. ಅಂಜುಬುರುಕನಾದವನು ನಾನು.

ಮಂಡಳಿಯ ಪತ್ರ ಕೈಗೆ ಬಂದ ದಿನ ಆಕೆ ನನ್ನ ಕೋಣೆಗೆ ಬಂದಳು. ಅಳಲಿಲ್ಲ.

'ಸರ್, ನಾ ಇರ್ತೇನಿ ಅಂದಾಗ ನೀವು ಬ್ಯಾಡ ಅನ್ನಲಿಲ್ರಿ' ಎಂದಳು.

ಕುರ್ಚಿ ಸರಿಸಿ ಕೂಡು ಎಂದೆ. ಆಕೆ ನಿಂತೇ ಹೇಳಿದಳು:

'ದೊಡ್ಡವ್ರು ಬ್ಯಾಡ ಅನ್ನಲಿಲ್ಲ ಅಂದ್ರ ಹೂಂ ಅಂದಂಗಲ್ರಿ? ಸರ್ ನನ್ನ ಕೈ ಬಿಡೂದಿಲ್ಲ, ಏನೋ ಮಾತಾಡಿ ಇಟ್ಟಿರಬೇಕು, ಅದಕ್ಕ ನಗತಾ ಕೇಳಾಕತ್ತಾರ ಅಂತ ತಿಳಕೊಂಡ್ನಿರಿ. ಅಬ್ಬಾಗೂ ಹಂಗ ಹೇಳಿದೆ.'

ನಿನ್ನ ಆಗಸ್ಟ್ ತಿಂಗಳ ಪತ್ರಕ್ಕೆ ಯಾಕೆ ಉತ್ತರ ಬರೆಯಲಿಲ್ಲವೆಂದು ಈಗ ತಿಳಿಯಿತಲ್ಲ. ನೀನು ಅಷ್ಟು ಸಂತೋಷದಲ್ಲಿದ್ದೆ. ನಿನಗೊಂದು ನಿದರ್ಶನ ಬೇಕಾಗಿತ್ತು, ನನ್ನಿಂದ ಸಿಕ್ಕಿತ್ತು. ಅದನ್ನು ಕಸಿಯಲು ಕೈ ಬರಲಿಲ್ಲ.

ನಾಗಲಿಂಗ


ಮೈಸೂರು
೧೦ ನವೆಂಬರ್ ೨೦೨೫

ಮಾನ್ಯ ಪ್ರಾಚಾರ್ಯರಿಗೆ,

ತಮ್ಮ ಪತ್ರ ತಲುಪಿದೆ.

ಎದುರಿನವರಿಗೆ ತಿಳಿಯದ ಸಂಗತಿ ತಮಗೆ ತಿಳಿದಿರುವಾಗ ಪ್ರಶ್ನೆಯ ಪದ್ಧತಿಯನ್ನು ಬಳಸಬಾರದೆಂದು ನಮ್ಮ ಕೈಪಿಡಿಯ ಮುನ್ನುಡಿಯಲ್ಲೇ ಇದೆ. ಅದನ್ನು ತಮಗೆ ಕಳಿಸಲಾಗಿತ್ತು. ತಾವು ಮಾಹಿತಿಯನ್ನು ಮುಚ್ಚಿಟ್ಟ ಕಾರಣ ನಾನು ಹಿರಿಯರ ಮುಂದೆ ಅಸತ್ಯವನ್ನು ಮಂಡಿಸಿದಂತಾಯಿತು. ಸಮಾರೋಪಕ್ಕೆ ಬೇರೊಂದು ನಿದರ್ಶನವಿದ್ದರೆ ತಿಳಿಸಬೇಕಾಗಿ ಕೋರುತ್ತೇನೆ.

ಶೈಲಶ್ರೀ


ಮೈಸೂರು
೨೩ ನವೆಂಬರ್ ೨೦೨೫

ಸರ್,

ಹಿಂದಿನ ಪತ್ರವನ್ನು ಹರಿದು ಹಾಕಿ ಎಂದು ಕೇಳಲಾರೆ. ಬರೆದದ್ದು ನಾನೇ, ಇರಲಿ. ಅನೀಸಳ ಕೆಲಸ ಹೋಯಿತೆಂದು ತಿಳಿದ ಮೇಲೆ ನಾನು ಕೇಳಿದ್ದು ಬೇರೊಂದು ನಿದರ್ಶನವನ್ನು. ಅವಳು ಹೇಗಿದ್ದಾಳೆಂದು ಕೇಳಲಿಲ್ಲ.

ಕೈಪಿಡಿಯ ಮುನ್ನುಡಿಯಲ್ಲಿ ಆ ಮಾತು ಇರುವುದು ನಿಜ. ಆದರೆ ನನ್ನ ಪತ್ರಗಳಲ್ಲಿ ಎಲ್ಲಿಯೂ ಇಲ್ಲ. ನಿಮಗೆ ನಾನು ಬರೆದದ್ದು, ಬದುಕನ್ನೇ ಮುಟ್ಟುವ ಪ್ರಶ್ನೆ ಬಂದಾಗ ನಾಲಿಗೆಯ ತುದಿಯ ಉತ್ತರವನ್ನೂ ತಡೆಹಿಡಿಯಿರಿ ಎಂದು. ದೊಡ್ಡ ಪ್ರಸಂಗವೊಂದು ನನಗೆ ಬೇಕಾಗಿತ್ತು. ಐಹೊಳೆಗೆ ಹೋಗಲು ಮನಸ್ಸಾಗಲಿಲ್ಲವೆಂದು ನೀವು ಬರೆದಾಗ, ಏನಾಯಿತು ಸರ್ ಎಂಬ ಒಂದು ಪ್ರಶ್ನೆಯನ್ನು ಕೇಳದವಳು ನಾನು. ಎಲ್ಲರಿಗೂ ಪ್ರಶ್ನೆ ಕೇಳುವುದನ್ನು ಕಲಿಸಲು ಹೊರಟವಳು.

'ಬ್ಯಾಡ ಅನ್ನಲಿಲ್ಲ' ಎಂಬ ಅವಳ ಮಾತನ್ನು ಎರಡು ವಾರದಿಂದ ಮರೆಯಲಾಗಿಲ್ಲ. ಇದು ನನಗೆ ಗೊತ್ತಿರದ ಸಂಗತಿಯಲ್ಲ. ಎಂ.ಎ.ಗೆ ಧಾರವಾಡಕ್ಕೆ ಹೋಗುತ್ತೇನೆಂದು ಹೇಳಿದ ದಿನ ನಮ್ಮಪ್ಪ ಮಗ್ಗದ ಮುಂದಿನಿಂದ ತಲೆಯೆತ್ತಲಿಲ್ಲ, ಒಂದು ಮಾತೂ ಆಡಲಿಲ್ಲ. ಅವ್ವ ಒಳಗೆ ಹೋಗಿ ನನ್ನ ಬಟ್ಟೆ ಮಡಚತೊಡಗಿದಳು. ಅಪ್ಪ ಬೇಡವೆನ್ನಲಿಲ್ಲ, ಆದ್ದರಿಂದ ಹೂಂ ಅಂದಿದ್ದಾರೆ ಎಂದು ನಮಗಿಬ್ಬರಿಗೂ ತಿಳಿದಿತ್ತು. ಎಂ.ಎ.ಯಲ್ಲಿ ನನಗೆ ಸಿಕ್ಕ ಎರಡು ಚಿನ್ನದ ಪದಕಗಳೂ ಆ ಮೌನವನ್ನು ಸರಿಯಾಗಿ ಓದಿದ್ದರಿಂದ ಬಂದವು. ಅನೀಸ ನಿಮ್ಮ ಮೌನವನ್ನೂ ಹಾಗೆಯೇ ಓದಿದಳು. ನಮ್ಮ ಕಡೆಯನ್ನು ಮೀರಿ ಬಂದಿದ್ದೇನೆಂದು ನಿಮಗೆ ಬರೆದಿದ್ದೆ. ಮರೆತು ಬಂದಿದ್ದೆ.

ಒಂದು ಕೋರಿಕೆ. ಬಾಗಲಕೋಟೆಯ ವೇದಿಕೆಯ ಮೇಲೆ ನಿಜವನ್ನು ಹೇಳಬೇಕೆಂದಿದ್ದೇನೆ: ನಮ್ಮ ಪದ್ಧತಿ ಹೇಗೆ ಒಬ್ಬಳ ಕೆಲಸ ಕಳೆಯಿತು, ನನ್ನ ತಪ್ಪೇನು, ಎಲ್ಲವನ್ನೂ. ಕೇಳುವ ಪ್ರಾಚಾರ್ಯರಿಗಾದರೂ ಅದರಿಂದ ಒಳಿತಾಗಬಹುದು. ಈ ಬಾರಿ ಅನೀಸಳನ್ನು ಕೇಳದೆ ಹೇಳಲಾರೆ. ನೀವು ಕೇಳುವಿರಾ? ನಾನೇ ಫೋನ್ ಮಾಡಬಹುದು. ಧೈರ್ಯವಿಲ್ಲ.

ಶೈಲಶ್ರೀ


ಹುನಗುಂದ
೭ ಡಿಸೆಂಬರ್ ೨೦೨೫

ಶೈಲಾ,

ನಿನ್ನೆ ಇಳಕಲ್ಲಿಗೆ ಹೋಗಿದ್ದೆ. ಅನೀಸಳ ತಂದೆ ಮುರ್ತುಜಸಾಬರದು ಹಣ್ಣಿನ ಅಂಗಡಿ. ನನ್ನನ್ನು ಕಂಡವರೇ ಎದ್ದು, ತಾವು ಕೂತಿದ್ದ ಸ್ಟೂಲನ್ನು ಒರೆಸಿ ಕೊಟ್ಟರು. ದಾಳಿಂಬೆ ಬಿಡಿಸಿ ತಾಟಿನಲ್ಲಿ ಇಟ್ಟು, 'ತಗೋರ್ರಿ ಸರ್. ನಸೀಬದಾಗ ಇದ್ದಂಗ ಆಗತೈತಿ. ನೀವು ನಮ್ಮ ಹುಡುಗಿಗೆ ಭಾಳ ಮಾಡೀರಿ' ಎಂದರು. ನನ್ನ ಮೇಲಿನ ದೂರನ್ನು ಆಕೆ ಅವರ ಮುಂದೆ ಆಡಿಲ್ಲ.

ಅನೀಸ ಒಳಗಿನಿಂದ ಬಂದಳು. ಈಗ ಓಣಿಯ ಮಕ್ಕಳಿಗೆ ಟ್ಯೂಷನ್ ಹೇಳುತ್ತಾಳಂತೆ. ತಂದೆ ಗಿರಾಕಿಯ ಕಡೆ ಹೋದಾಗ ಮೆಲ್ಲಗೆ ಕೇಳಿದಳು:

'ಸರ್, ಅವತ್ತ ನಿಮಗ ಗೊತ್ತಿತ್ತೇನ್ರಿ?'

'ಗೊತ್ತಿತ್ತು.'

'ಯಾವಾಗಿಂದ್ರಿ?'

'ಜುಲೈದಾಗಿಂದ.'

ತಲೆಯ ಮೇಲಿನ ಓಢನಿಯನ್ನು ಸರಿಮಾಡಿಕೊಂಡಳು. ನಾನೇ ನಿನ್ನ ಮಾತು ಎತ್ತಿದೆ. ಮೈಸೂರಿನಲ್ಲಿ ಹೇಳಿದ್ದನ್ನೂ, ಬಾಗಲಕೋಟೆಯಲ್ಲಿ ಹೇಳಬೇಕೆಂದಿರುವುದನ್ನೂ ತಿಳಿಸಿದೆ. ಆಕೆ ಹೇಳಿದ್ದನ್ನು ಹೇಳಿದಂತೆಯೇ ಬರೆಯುತ್ತೇನೆ.

'ಮೊದಲ ಸರ್ತಿ ಹೇಳೂವಾಗ ನನ್ನ ಕೇಳಿದ್ರೇನ್ರಿ ಅಕ್ಕ? ಈಗ ತಪ್ಪಾತು ಅಂತ ಹೇಳಾಕೂ ನಾನ ಬೇಕೇನ್ರಿ? ಅಕ್ಕ ಅಲ್ಲಿ ನಿಂತು ಹೇಳ್ತಾರ, ಎಲ್ಲಾರೂ ಅಕ್ಕನ್ನ ಎಷ್ಟ್ ದೊಡ್ಡ ಮನಸ್ಸು ಅಂತಾರ. ನನ್ನ ಏನಂತಾರ್ರಿ? ಪಾಪ ಅಂತಾರ. ನಾ ನಾಳಿ ಎಲ್ಲೆರ ಇಂಟರ್ವ್ಯೂಕ್ಕ ಹೋದ್ರ, ಅಲ್ಲಿ ಕುಂತಾವ್ರು ಅದ ಪ್ರಿನ್ಸಿಪಾಲರ ಇರ್ತಾರಲ್ರಿ. ಚಲೋದೂ ಬ್ಯಾಡ, ಕೆಟ್ಟದ್ದೂ ಬ್ಯಾಡ. ನನ್ನ ಬಗ್ಗೆ ಏನೂ ಹೇಳಬ್ಯಾಡಂತ ಹೇಳ್ರಿ.'

ಒಳಗೆ ತಿರುಗುವ ಮೊದಲು, 'ಇದನ್ನ ಬಾಯಿ ಬಿಟ್ಟು ಹೇಳಾಕತ್ತೇನ್ರಿ ಸರ್, ಬ್ಯಾಡ ಅಂತ' ಎಂದಳು.

ಬಸ್ ನಿಲ್ದಾಣದವರೆಗೆ ಮುರ್ತುಜಸಾಬರು ಬಂದು ಹತ್ತಿಸಿ ಹೋದರು. ಅನೀಸ ಹೊರಗೆ ಬರಲಿಲ್ಲ.

ಮುಂದಿನ ತಿಂಗಳು ಪ್ರಾಚಾರ್ಯ ಹುದ್ದೆಯನ್ನು ಬಿಟ್ಟು ಬರೀ ಪಾಠಕ್ಕೆ ಮರಳುತ್ತೇನೆಂದು ಮಂಡಳಿಗೆ ತಿಳಿಸಿದ್ದೇನೆ. ಅದರಿಂದ ಆಕೆಯ ಕೆಲಸ ಮರಳುವುದಿಲ್ಲ. ನಾನು ಸಮಾರೋಪಕ್ಕೆ ಬರುವುದಿಲ್ಲ.

ನಾಗಲಿಂಗ


ಬಾಗಲಕೋಟೆ
೨೦ ಡಿಸೆಂಬರ್ ೨೦೨೫

ಸರ್,

ಸಮಾರೋಪ ಇಂದು ಮುಗಿಯಿತು.

ಅನೀಸಳ ಬಗ್ಗೆ ನಾನು ಏನನ್ನೂ ಹೇಳಲಿಲ್ಲ. ಮೈಸೂರಿನ ಪಾಠದಿಂದಲೂ ಆ ಪ್ರಸಂಗವನ್ನು ತೆಗೆಸಿದ್ದೇನೆ. ನಿದರ್ಶನ ಎಲ್ಲಿ ಎಂದು ಹಿರಿಯರೊಬ್ಬರು ಎಲ್ಲರೆದುರು ಕೇಳಿದರು. 'ಅದು ನಾನು ಹೇಳಬಹುದಾದ ಮಾತಲ್ಲ' ಎಂದೆ. ಯಾಕೆಂದು ವಿವರಿಸಿದ್ದರೆ ಸಭೆ ನನ್ನ ಕಡೆಗಿರುತ್ತಿತ್ತು, ಅದು ನನಗೆ ಗೊತ್ತಿತ್ತು. ಬಾಯಿಗೆ ಬಂದ ವಾಕ್ಯಗಳು ಬಹಳ ಚೆನ್ನಾಗಿದ್ದವು. ನುಂಗಿಕೊಂಡು ಕುಳಿತೆ. ನನ್ನ ಜೊತೆಯವರಿಬ್ಬರ ಕೆಲಸ ಕಾಯಂ ಆಯಿತು. ನನ್ನದನ್ನು ಆರು ತಿಂಗಳ ಮಟ್ಟಿಗೆ ಮುಂದೂಡಿದ್ದಾರೆ. ಇಂಥ ಸಾಲಿನಲ್ಲಿ ಹಿಂದೆ ನಿಲ್ಲುವುದು ನನಗೆ ಹೊಸತು. ಸುಲಭವಾಗಿತ್ತೆಂದು ಬರೆದರೆ ಸುಳ್ಳಾಗುತ್ತದೆ.

ಊಟದ ಹೊತ್ತಿಗೆ ಬೇರೊಂದು ತಾಲ್ಲೂಕಿನ ಪ್ರಾಚಾರ್ಯೆ, ಬಸವೇಶ್ವರಿ ಎಂಬುವವರು, ರೊಟ್ಟಿಯ ತಾಟು ಹಿಡಿದು ನನ್ನ ಪಕ್ಕಕ್ಕೆ ಬಂದು ಕುಳಿತರು. ದನಿ ತಗ್ಗಿಸಿ ಕೇಳಿದರು:

'ಮೇಡಂ, ನಮ್ಮಲ್ಲೊಬ್ಬಾಕಿ ಗೆಸ್ಟ್ ಲೆಕ್ಚರರ್ ಅದಾಳ್ರಿ. ಮುಂದಿನ ವರ್ಷ ಆಕಿ ಪೋಸ್ಟ್ ಇರೂದಿಲ್ಲ. ಆಕಿಗಿನ್ನಾ ಗೊತ್ತಿಲ್ಲ. ಇದಕ್ಕ ನಿಮ್ಮ ಪದ್ಧತಿಯೊಳಗ ಎಂಥಾ ಪ್ರಶ್ನೆ ಕೇಳಬೇಕ್ರಿ?'

'ಪ್ರಶ್ನಿ ಬ್ಯಾಡ್ರಿ. ಇವತ್ತ ಹೇಳಿಬಿಡ್ರಿ' ಎಂದೆ.

'ಅಳ್ತಾಳ್ರೀ.'

'ಅಳ್ಲಿ ಬಿಡ್ರಿ. ಹೇಳ್ರಿ.'

'ಮ್ಯಾನೇಜ್‌ಮೆಂಟಿನವ್ರು ಸಿಟ್ಟಾಗ್ತಾರ.'

'ಆಗ್ತಾರ್ರಿ' ಎಂದೆ.

ಅವರು ರೊಟ್ಟಿಯ ಚೂರಿನಿಂದ ತಾಟಿನ ಶೇಂಗಾ ಚಟ್ನಿಯನ್ನು ಬಳಿದರು. 'ನಾಳಿ ನೋಡೋಣ ತಗೋರಿ' ಎಂದರು. ನಾನು ಏಳಲಿಲ್ಲ. ಕೊನೆಗೆ ಕೈ ತೊಳೆದುಕೊಂಡು, ಫೋನ್ ಹಿಡಿದು ವರಾಂಡಕ್ಕೆ ಹೋದರು. ಏನು ಹೇಳಿದರೋ, ಆಚೆಯವಳು ಏನೆಂದಳೋ ನನಗೆ ಕೇಳಿಸಲಿಲ್ಲ. ಅವರು ತಿರುಗಿ ಊಟಕ್ಕೆ ಬರಲಿಲ್ಲ.

ಇದನ್ನು ಅನೀಸಳಿಗೆ ಹೇಳಬೇಡಿ, ಸರ್. ಇದರಿಂದ ಅವಳಿಗೆ ಏನೂ ಸಿಗುವುದಿಲ್ಲ.

ಶೈಲಶ್ರೀ